ಹೋಟಗಿ ದಾಟದ ಹಣ್ಣು

ಹುಸೇನಬಿಯ ಹೆಬ್ಬೆರಳಿನ ಉಗುರು ಬೆರಳಿನ ತುದಿಗಿಂತ ಒಂದು ಎಳ್ಳಿನಷ್ಟು ಹಿಂದೆ ಇರುತ್ತಿತ್ತು. ಉಳಿದ ಒಂಬತ್ತೂ ಹಾಗೆಯೇ. ಎರಡು ದಿನಕ್ಕೊಮ್ಮೆ ಕತ್ತರಿಸಿ, ಅಂಚನ್ನು ಹೊಸ್ತಿಲ ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಳ್ಳುತ್ತಿದ್ದಳು. ಕೈ ಚಾಚಿದರೆ ಬೆರಳ ತುದಿಯಲ್ಲಿ ಮಾಂಸ ಮಾತ್ರ ಕಾಣುತ್ತಿತ್ತು, ಉಗುರು ಕಾಣುತ್ತಿರಲಿಲ್ಲ.

ಅವಳು ಇಂಡಿ ಊರಿನ ಲಿಂಬೆ ಪೇಟೆಯಲ್ಲಿ ಹಣ್ಣು ಆರಿಸುವ ಹೆಂಗಸರ ಹಿರಿಯಳು. ಅವಳ ಕೈಕೆಳಗೆ ಹನ್ನೊಂದು ಜನ ಇದ್ದರು. ಪೇಟೆಯ ಬಡಗಣ ಮೂಲೆಯಲ್ಲಿ ತಗಡಿನ ಚಪ್ಪರದ ಕೆಳಗೆ ಒಂದು ಕಲ್ಲಿನ ಕಟ್ಟೆ. ಅದರ ಮೇಲೆ ಆ ಹನ್ನೆರಡು ಜನರ ಜಾಗ. ಅವಳ ಅತ್ತೆ ಕೂತ ಜಾಗದಲ್ಲಿ ಅವಳು ಕೂತಿದ್ದಳು. ಆ ಜಾಗ ಅವಳ ಕೈಬಿಟ್ಟು ಹೋಯಿತು. ಹೋದದ್ದು ನನ್ನಿಂದ.

ಇತ್ತೀಚೆಗೆ, ಪೇಟೆಯ ಮಾಲಿಗೆ ದರ್ಜೆ ಹಾಕುವ ನನ್ನ ಹಳೆಯ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಎಂದು ಕೇಳಿದರು. ಚಹಾ ಕೊಟ್ಟೆ, ಬಿಸಿಲಿನ ಮಾತಾಡಿದೆ, ಕಳಿಸಿದೆ. ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಿಂದಗಿಯಲ್ಲಿ ಶುರು ಮಾಡಿ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ತಿರುಗಿದೆ. ಎಲ್ಲಿ ಯಾವಾಗ ಬಡ್ತಿ ಬಂತು ಎಂಬುದರಲ್ಲಿ ಹೇಳುವಂಥದ್ದೇನೂ ಇಲ್ಲ. ಆಗ ನಾನಿದ್ದ ಕಚೇರಿ ಈಗಿಲ್ಲ. ಅದರ ಹೆಸರು ಬೇಡ.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಬಂದಿದ್ದೆ. ಪೇಟೆಗೆ ಬರುವ ಮಾಲಿನ ದರ್ಜೆ ಗೊತ್ತು ಮಾಡುವ ಕೆಲಸ ಸಿಕ್ಕಿತು. ಪೇಟೆಯೆಂದರೆ ಗಂಡಸರ ಜಾಗ, ಮನೆತನದ ಹೆಣ್ಣುಮಗಳು ಅಲ್ಲಿ ಏನು ಮಾಡುತ್ತಾಳೆ ಎಂದು ತಂದೆ ಕೇಳಿದರು. ಒಂದು ವರ್ಷ ನೋಡೋಣ, ಖಾಯಂ ಆಗದಿದ್ದರೆ ಮನೆಗೆ ಬಂದು ಅವರು ಹೇಳಿದ ಕಡೆ ಮದುವೆಯಾಗಬೇಕು ಎಂದು ಮಾತಾಯಿತು. ಈ ಮಾತನ್ನು ಇಲ್ಲಿ ಒಂದೇ ಸಲ ಹೇಳುತ್ತೇನೆ. ಮುಂದೆ ನಾನು ಮಾಡಿದ್ದಕ್ಕೆ ಇದು ಕಾರಣವಿರಬಹುದು, ಸಮರ್ಥನೆಯಲ್ಲ.

ಮೊದಲ ಕೆಲವು ತಿಂಗಳು ಸಿಂದಗಿಯಲ್ಲಿ ತೊಗರಿ ನೋಡಿದೆ. ದರ್ಜೆಗೊಂದರಂತೆ ಕಾಳಿನ ಬಣ್ಣಗಳು ಅಚ್ಚಾದ ತಖ್ತೆಯೊಂದನ್ನು ಕೊಟ್ಟಿದ್ದರು. ಕಾಳನ್ನು ಅದರ ಪಕ್ಕ ಹಿಡಿದು ದರ್ಜೆ ಬರೆಯಬೇಕು. ಒಂದು ದಿನ ದೇವರ ಹಿಪ್ಪರಗಿ ಕಡೆಯ ಮುದುಕನೊಬ್ಬನ ತೊಗರಿಗೆ ಬೆಳಿಗ್ಗೆ ಬಯಲಿನಲ್ಲಿ ಒಂದನೆಯ ದರ್ಜೆ ಎಂದು ಬಾಯಿಯಲ್ಲಿ ಹೇಳಿದೆ. ಮಧ್ಯಾಹ್ನ ಚಪ್ಪರದ ನೆರಳಿನಲ್ಲಿ ನೋಡಿ ಎರಡನೆಯ ದರ್ಜೆ ಎಂದು ಬರೆದೆ.

ಮುದುಕ ಚೀಟಿಯನ್ನು ಪಕ್ಕದವನಿಂದ ಓದಿಸಿಕೊಂಡು ಬಂದ. “ಅಕ್ಕೋರ, ಮುಂಜಾನಿ ನನ್ನ ತೊಗರಿ ಒಂದ ನಂಬರ್ ಇತ್ತರಿ. ನಾ ರೊಟ್ಟಿ ತಿಂದು ಬರೂದ್ರಾಗ ಎರಡ ನಂಬರ್ ಆಗೇತಿ. ಅಷ್ಟ್ರಾಗ ಅದಕ್ಕ ವಯಸ್ಸಾತೇನ್ರಿ?”

ಸುತ್ತ ಇದ್ದ ಹಮಾಲರು ನಕ್ಕರು. ಬೊಗಸೆ ಕಾಳು ಹಿಡಿದು ಬಿಸಿಲಿಗೆ ಬಂದು ತಖ್ತೆಯ ಪಕ್ಕ ನೋಡಿದೆ. ಒಂದನೆಯ ದರ್ಜೆಯೇ. ಚೀಟಿ ಹರಿದು ಬೇರೆ ಬರೆದುಕೊಟ್ಟೆ. “ಈಗ ಹೊಳ್ಳಿ ಹರೇ ಬಂತು ನೋಡ್ರಿ ಅದಕ್ಕ,” ಎಂದು ಅವನೂ ನಕ್ಕ. ತಪ್ಪು ತಿದ್ದಲು ಎರಡು ನಿಮಿಷ ಬೇಕಾಯಿತು. ತಪ್ಪು ತಿದ್ದುವುದೆಂದರೆ ಅಷ್ಟೇ ಎಂದು ನಂಬಿಕೊಂಡು ಇಂಡಿಗೆ ಬಂದೆ.

ಇಂಡಿಯಲ್ಲಿ ಲಿಂಬೆ. ಬೆಳಗಾಗುತ್ತಲೇ ಸುತ್ತಲಿನ ತೋಟಗಳಿಂದ ಗಾಡಿಗಳು ಬರುತ್ತಿದ್ದವು. ಹಣ್ಣನ್ನು ಕಟ್ಟೆಯ ಮುಂದೆ ಸುರಿದು, ಹೆಂಗಸರು ಆರಿಸಿ, ಬಿದಿರ ಬುಟ್ಟಿಗೆ ತುಂಬಿ, ಗಾಡಿಯ ಮೇಲೆ ಹೇರಿ ಇಂಡಿ ರೋಡ್ ಸ್ಟೇಶನ್ನಿಗೆ ಕಳಿಸಬೇಕು. ಅಲ್ಲಿಂದ ಸಣ್ಣ ರೈಲು ಹೋಟಗಿಗೆ. ಅಲ್ಲಿ ಬುಟ್ಟಿಗಳನ್ನು ಇಳಿಸಿ ದೊಡ್ಡ ರೈಲಿಗೆ ಏರಿಸಬೇಕು. ಮುಂದೆ ಸೊಲ್ಲಾಪುರ, ಪುಣೆ, ಮುಂಬಯಿ. ಎರಡು ದಿನ, ಕೆಲವೊಮ್ಮೆ ನಾಲ್ಕು ದಿನ. ನಾಲ್ಕು ದಿನ ಬುಟ್ಟಿಯೊಳಗಿನ ಕಾವಿನಲ್ಲಿ ಒಂದು ಹಣ್ಣು ಕೆಟ್ಟರೆ ಅದರ ಸುತ್ತಲಿನವು ಕೆಡುತ್ತವೆ.

ನಾನು ಹೋಗುವ ಹೊತ್ತಿಗೆ ಹರಾಜು ಬಾಯಿಯಲ್ಲಿ ಕೂಗುವ ಪದ್ಧತಿ ಬಂದಿತ್ತು. ಅದಕ್ಕೂ ಮೊದಲು ಬಟ್ಟೆಯ ಕೆಳಗೆ ವ್ಯಾಪಾರ. ದಲಾಲರೂ ಕೊಳ್ಳುವವರೂ ಕೈ ಕೈ ಹಿಡಿದು, ಮೇಲೆ ಒಂದು ಟವೆಲ್ ಹಾಕಿ, ಬೆರಳು ಅದುಮಿ ದರ ಹೇಳುವುದು. ಹಣ್ಣು ತಂದವನು ಎದುರಿಗೇ ನಿಂತು ಟವೆಲ್ ನೋಡುತ್ತಿರುವುದು. ಇದನ್ನು ನನಗೆ ವಿವರಿಸಿದವಳು ಹುಸೇನಬಿ.

“ಗಂಡಸರ ಕೈಗೆ ಮಾತಾಡಾಕ ಮ್ಯಾಲ ಅರಿವಿ ಬೇಕ್ರಿ, ಅಕ್ಕೋರ. ನಮ್ಮ ಕೈ ನೋಡ್ರಿ, ಬಯಲಾಗ ಅದಾವು,” ಎಂದು ಎರಡೂ ಕೈ ಚಾಚಿದಳು. ನಾನು ಆ ಉಗುರುಗಳನ್ನು ಮೊದಲು ನೋಡಿದ್ದು ಆಗ.

ಅವಳ ಕಟ್ಟೆಯಲ್ಲಿ ಒಂದು ಕಟ್ಟಳೆ ಇತ್ತು. ಬೆಳಿಗ್ಗೆ ಹಣ್ಣು ಮುಟ್ಟುವ ಮೊದಲು ಹನ್ನೊಂದು ಹೆಂಗಸರೂ ಸಾಲಾಗಿ ನಿಂತು ಅವಳಿಗೆ ಉಗುರು ತೋರಿಸಬೇಕು. ಉಂಗುರ ಇರಬಾರದು. ಬಳೆ ತೆಗೆಯಲಾಗದವರು ಬಳೆಗಳ ಮೇಲೆ ಹಳೆಯ ಸೀರೆಯ ಚಿಂದಿ ಸುತ್ತಿಕೊಳ್ಳಬೇಕು. ಲಿಂಬೆಯ ತೊಗಲಿಗೆ ಕೂದಲೆಳೆಯಷ್ಟು ಗೀರು ಬಿದ್ದರೂ ಅಲ್ಲಿಂದ ಕೊಳೆತ ಶುರು ಎಂದು ಹೇಳುತ್ತಿದ್ದಳು. ಉಗುರು ಬೆಳೆದವಳನ್ನು ಅಂದು ಬುಟ್ಟಿ ಹೊಲಿಯಲು ಕಳಿಸುತ್ತಿದ್ದಳು. ಅವಳ ಎಡಗಡೆ ಕೂಡುತ್ತಿದ್ದ ನೀಲವ್ವ ಬಾಯಿಜೋರಿನವಳು. “ನಮ್ಮತ್ತಿನೂ ನನ್ನ ಕೈ ಇಷ್ಟ ನೋಡಿ ಮನಿ ತುಂಬಿಸ್ಕೊಂಡಿಲ್ಲಬೇ,” ಎನ್ನುತ್ತಿದ್ದಳು. ಆದರೆ ಅವಳ ಬಳೆಯ ಮೇಲಿನ ಚಿಂದಿಯೇ ಎಲ್ಲರಿಗಿಂತ ಬಿಗಿಯಾಗಿರುತ್ತಿತ್ತು.

ಹುಸೇನಬಿ ಹಣ್ಣನ್ನು ದೊಡ್ಡದು, ಸಣ್ಣದು ಎಂದು ವಿಂಗಡಿಸುತ್ತಿರಲಿಲ್ಲ. ಎಲ್ಲಿಯವರೆಗೆ ಹೋಗುತ್ತದೆ ಎಂದು ವಿಂಗಡಿಸುತ್ತಿದ್ದಳು. ಅಂಗೈಯಲ್ಲಿ ಒಂದು ಸುತ್ತು ತಿರುಗಿಸಿ, ತೊಟ್ಟಿನ ಹತ್ತಿರ ಹೆಬ್ಬೆರಳಿನ ಮಾಂಸದಿಂದ ಒಂದು ಸಲ ಅದುಮಿ ಹೇಳಿಬಿಡುವಳು: ಇದು ಮುಂಬೈದು, ಇದು ಸೊಲ್ಲಾಪುರದ್ದು, ಇದು ಊರಾಗಿಂದು. ಮುಂಬಯಿಯದಕ್ಕೆ ಒಂದು ಬುಟ್ಟಿ, ಸೊಲ್ಲಾಪುರದ್ದಕ್ಕೆ ಇನ್ನೊಂದು. ಊರಿನದು ಉಪ್ಪಿನಕಾಯಿಗೆ. ಒಂದು ಹಣ್ಣಿಗೆ ಎರಡು ಉಸಿರಿನಷ್ಟು ಹೊತ್ತು ಸಹ ಬೇಕಾಗುತ್ತಿರಲಿಲ್ಲ. ಹೇಗೆ ತಿಳಿಯುತ್ತದೆ ಎಂದು ಕೇಳಿ ನಾನು ವಹಿಯಲ್ಲಿ ಬರೆದುಕೊಳ್ಳಲು ಕೂತೆ.

“ತೊಗಲು ಹೇಳ್ತೈತ್ರಿ.”

“ಏನು ಹೇಳುತ್ತದೆ?”

“ಅದನ್ನ ಹೆಂಗ ಬರಕೊಳ್ತೀರಿ ನೀವು?”

ನೀಲವ್ವ ನಡುವೆ ಬಾಯಿ ಹಾಕಿದಳು. “ಬೂಬೂ, ನಮ್ಮ ಅಕ್ಕೋರ ಎಲ್ಲೀಮಟ ಹೋಗ್ತಾರ ನೋಡು ಒಂದೀಟು.”

ಹುಸೇನಬಿ ನನ್ನ ಕೈ ಹಿಡಿದು ಮಣಿಕಟ್ಟಿನ ಒಳಗಡೆ ಹೆಬ್ಬೆರಳಿನಿಂದ ಮೆತ್ತಗೆ ಅದುಮಿದಳು. ತಲೆ ಓರೆ ಮಾಡಿ ಯೋಚಿಸಿದಳು. “ಬಣ್ಣ ಚಲೋ ಐತಿ. ತೊಗಲು ಭಾಳ ತೆಳ್ಳಗ. ಹೋಟಗಿ ದಾಟೂದಿಲ್ಲ.”

ಕಟ್ಟೆ ತುಂಬ ನಗು. ನಾನೂ ನಕ್ಕೆ. ಯಾರಾದರೂ ಮುಟ್ಟಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಸ್ವಭಾವ ನನ್ನದು. ಅಂದು ಎಳೆದುಕೊಳ್ಳಲಿಲ್ಲ.

ನಮ್ಮ ಸಾಹೇಬರು ಕೆಟ್ಟವರಲ್ಲ. ಶಿಸ್ತಿನವರು, ನಿವೃತ್ತಿಗೆ ಮೂರು ವರ್ಷ ಉಳಿದಿದ್ದವರು. ಒಂದು ದಿನ ನನ್ನನ್ನು ಕರೆದು, “ಮ್ಯಾಲಿನವ್ರು ಕೇಳಾಕತ್ತಾರ್ರಿ, ಇಂಡಿ ಲಿಂಬಿಗೆ ದರ್ಜೆ ಯಾವುದು ಅಂತ. ಮುಂಬೈ ಲಿಂಬಿ, ಸೊಲ್ಲಾಪುರ ಲಿಂಬಿ ಅಂತ ಬರದ್ರ ಹುಚ್ಚರು ಅಂತಾರ. ಅಳತಿ ಬೇಕು. ನೀವು ಕಲತವ್ರು, ಏನರ ಮಾಡ್ರಿ,” ಎಂದರು.

ನಾನು ಮಾಡಿದೆ. ನೂರಾರು ಹಣ್ಣುಗಳ ಸುತ್ತಳತೆ ತೆಗೆದು, ಒಂದು ಅಂಗೈಯಗಲ ಹಿತ್ತಾಳೆಯ ತಗಡಿನಲ್ಲಿ ಮೂರು ದುಂಡು ತೂತುಗಳ ನಕ್ಷೆ ಬರೆದೆ. ದೊಡ್ಡ ತೂತಿನಲ್ಲಿ ತೂರದ ಹಣ್ಣು ಒಂದನೆಯ ದರ್ಜೆ. ಅದರಲ್ಲಿ ತೂರಿ ನಡುವಿನದರಲ್ಲಿ ತೂರದ್ದು ಎರಡನೆಯದು. ಹೀಗೆ ಕೆಳಗೆ. ಊರಿನ ಕಂಚಗಾರರು ಹನ್ನೆರಡು ತಗಡು ಮಾಡಿಕೊಟ್ಟರು. ಪ್ರತಿ ತೂತಿನ ಅಗಲವನ್ನೂ ಅಳತೆಯ ಕೈವಾರದಿಂದ ನೋಡಿದೆ. ಹನ್ನೆರಡು ತಗಡು, ಮೂವತ್ತಾರು ತೂತು. ಒಂದರಲ್ಲೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆ ಸಂಜೆ ನನಗಾದ ಸಂತೋಷ ಈಗಲೂ ನೆನಪಿದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮೊದಲ ದಿನ ಹುಸೇನಬಿ ತಗಡನ್ನು ತಿರುವಿ ತಿರುವಿ ನೋಡಿದಳು. ಒಂದು ಹಣ್ಣನ್ನು ತೂತಿಗಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಅದು ತೂರಿ ಕೆಳಗೆ ಬಿತ್ತು. ಎತ್ತಿ ಮೂಗಿನ ಹತ್ತಿರ ಹಿಡಿದಳು.

“ಇದು ಕೊಯ್ತದರಿ, ಅಕ್ಕೋರ.”

“ಎಲ್ಲಿ?”

ಹಣ್ಣನ್ನು ಕೊಟ್ಟಳು. ನೋಡಿದೆ. ಹಳದಿ ಸಿಪ್ಪೆ ಸ್ವಚ್ಛವಾಗಿತ್ತು. ಗೀರು ಕಾಣಲಿಲ್ಲ.

“ಮೂಸಿ ನೋಡ್ರಿ. ಅಳಾಕತ್ತೈತಿ ಅದು.”

ವಾಸನೆ ಇತ್ತು. ಲಿಂಬೆಯ ಪೇಟೆಯಲ್ಲಿ ಲಿಂಬೆಯ ವಾಸನೆ ಇರದೆ ಏನು ಎಂದುಕೊಂಡೆ. ಲಿಂಬೆಯ ಸಿಪ್ಪೆಯಲ್ಲಿ ಎಣ್ಣೆಯ ಸಣ್ಣ ಚೀಲಗಳಿರುತ್ತವೆ, ಒಡೆದಾಗ ವಾಸನೆ ಹೊಮ್ಮುತ್ತದೆ ಎಂದು ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದು ಅಂಕ ಪಡೆದವಳು ನಾನು. ಅಂದು ಅದು ತಲೆಗೆ ಬರಲಿಲ್ಲ. ಬಂದದ್ದು ಬೇರೆ ಮಾತು. ಇವಳಿಗೆ ತನ್ನ ಹಿರಿತನ ಹೋಗುತ್ತದೆಂಬ ಭಯ ಎಂದುಕೊಂಡೆ. ವಹಿಯಲ್ಲಿ ಬರೆದೆ: ‘ಹೊಸ ಪದ್ಧತಿಗೆ ಕೆಲಸಗಾರರಲ್ಲಿ ತುಸು ಹಿಂಜರಿಕೆ.’

“ಅಭ್ಯಾಸ ಆಗುತ್ತದೆ,” ಎಂದೆ.

“ನಮಗ ಆಗ್ತೈತ್ರಿ. ಹಣ್ಣಿಗೆ?” ಎಂದಳು. ಮತ್ತೆ ಕೂತು, ಹೇಳಿದ ಹಾಗೆ ತೂರಿಸತೊಡಗಿದಳು.

ಎರಡು ದಿನಗಳಲ್ಲಿ ಒಂದು ಇಡೀ ರೈಲು ಡಬ್ಬಿಯಷ್ಟು ಹಣ್ಣು ತಗಡಿನಿಂದ ಆರಿಸಿ ಹೋಯಿತು. ನನ್ನ ಕೈಬರಹದ ದರ್ಜೆಯ ಚೀಟಿ ಪ್ರತಿ ಬುಟ್ಟಿಯ ಮೇಲೆ. ಆರನೆಯ ದಿನ ಮುಂಬಯಿಯಿಂದ ತಂತಿ ಬಂತು. ಡಬ್ಬಿಯ ಬಾಗಿಲು ತೆಗೆದಾಗ ನೀರು ಸುರಿಯಿತಂತೆ. ಬುಟ್ಟಿಗಳು ಹಸಿರು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವಂತೆ. ಅದರಲ್ಲಿ ಹೆಚ್ಚಿನ ಹಣ್ಣು ಗುರಪ್ಪಣ್ಣ ಎಂಬ ದಲಾಲರ ಅಂಗಡಿಯದು. ಪೇಟೆಯ ಹಿರಿಯ ದಲಾಲರು ಅವರು. ತಂತಿ ಹಿಡಿದುಕೊಂಡು ನೇರ ಸಾಹೇಬರ ಕೋಣೆಗೆ ಬಂದರು. ಸಾಹೇಬರು ಹುಸೇನಬಿಯನ್ನೂ ನನ್ನನ್ನೂ ಕರೆಸಿದರು. ನೀಲವ್ವ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತಳು.

“ಇಷ್ಟ ವರ್ಷ ಹಿಂಗ ಆಗಿದ್ದಿಲ್ಲ,” ಎಂದರು ಗುರಪ್ಪಣ್ಣ. “ಉಗುರು ತಾಗೇತಿ. ಬಳಿ ತಾಗೇತಿ. ಇಲ್ಲಾಂದ್ರ ಇಡೀ ಡಬ್ಬಿ ಕೊಳೀತೈತೇನು?”

“ಉಗುರು ತಾಗಿಲ್ರಿ, ಅಣ್ಣಾರ,” ಎಂದಳು ಹುಸೇನಬಿ.

“ಮತ್ತ ನೀನ ಹೇಳ್ತಿದ್ದೆಲ್ಲ ಊರ ತುಂಬ, ಗೀರು ಬಿದ್ರ ಕೊಳೀತೈತಿ, ಉಗುರು ಬಿದ್ರ ಕೊಳೀತೈತಿ ಅಂತ? ಈಗ ಕೊಳತೈತಿ. ಹಂಗಾರ ಉಗುರು ಬಿದ್ದೈತಿ.”

“ಗೀರು ಬಿದ್ದೈತ್ರಿ. ಉಗುರಿಂದಲ್ಲ. ಆ ತಗಡಿಂದು.”

ಕೋಣೆಯಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ಸಾಹೇಬರು ನಿಧಾನವಾಗಿ ಕೇಳಿದರು. “ನೀವು ಹೇಳ್ರಿ. ತಗಡಿನ ಅಳತಿ ಸರಿ ಇತ್ತೇನ್ರಿ?”

“ಅಳತೆ ಸರಿ ಇತ್ತು, ಸರ್,” ಎಂದೆ.

ಇದು ಸುಳ್ಳಲ್ಲ. ಅಳತೆ ಸರಿಯಾಗಿಯೇ ಇತ್ತು. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕೆಂದು ನಾನು ಕಲಿತಿದ್ದೆ. ಮೊದಲ ದಿನ ಅವಳು ಕೊಟ್ಟ ಹಣ್ಣು, ಅದರ ವಾಸನೆ, ‘ಕೊಯ್ತದರಿ’ ಎಂಬ ಮಾತು, ಎಲ್ಲವೂ ಆ ಕ್ಷಣ ನನ್ನೊಳಗೆ ಇದ್ದವು. ಯಾರೂ ಅದನ್ನು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ.

ಹುಸೇನಬಿ ಎರಡೂ ಕೈಗಳನ್ನು ಸಾಹೇಬರ ಮೇಜಿನ ಮೇಲೆ ಚಾಚಿ ಇಟ್ಟಳು. “ಅಕ್ಕೋರ, ನೀವು ದಿನಾ ನೋಡೀರಿ. ಇವ್ರಿಗೆ ಹೇಳ್ರಿ.”

ನಾನು ಕೈಗಳನ್ನು ನೋಡಿದೆ. ಉಗುರು ಎಳ್ಳಿನಷ್ಟು ಹಿಂದೆ ಇದ್ದವು. “ಇವಳ ಉಗುರು ಸರಿ ಇವೆ, ಸರ್. ಉಳಿದವರದನ್ನು ನಾನು ನೋಡಿಲ್ಲ,” ಎಂದೆ. ಇದೂ ಸುಳ್ಳಲ್ಲ. ಉಳಿದವರ ಉಗುರು ನೋಡುತ್ತಿದ್ದವಳು ಅವಳೇ. ಅಂದರೆ ತಪ್ಪು ಉಳಿದವರದಾದರೆ, ನೋಡದೆ ಬಿಟ್ಟ ತಪ್ಪು ಅವಳದು. ಆ ಮಾತು ಹೊರಬಿದ್ದ ಮೇಲೆ ನನಗೂ ಅದು ಹೊಳೆಯಿತು. ಅಷ್ಟರಲ್ಲಿ ಗುರಪ್ಪಣ್ಣ ತಲೆಯಾಡಿಸುತ್ತಿದ್ದರು.

ಬಾಗಿಲಲ್ಲಿದ್ದ ನೀಲವ್ವ ಒಂದೇ ಮಾತು ಹೇಳಿದಳು. “ಶಾಣ್ಯಾರ ಬಾಯಿ ನೋಡ್ರಿ, ಎಷ್ಟ ಸ್ವಚ್ಛ ಐತಿ.”

ಹನ್ನೆರಡೂ ಜನರನ್ನು ತೆಗೆದರು. ಬೇರೆ ಹೆಂಗಸರು ಬರುವವರೆಗೆ ಕಟ್ಟೆ ಆರು ದಿನ ಖಾಲಿ ಇತ್ತು. ಹಣ್ಣು ತಂದವರು ತಾವೇ ಆರಿಸಿ, ದೂರ ಕಳಿಸದೆ ಹತ್ತಿರದ ಸಂತೆಗಳಿಗೆ ಮಾರಿದರು.

ಅಂದು ಸಂಜೆ ಒಂದು ತಗಡನ್ನೂ ಒಂದು ಚೀಲ ಹಣ್ಣನ್ನೂ ನನ್ನ ಬಾಡಿಗೆ ಕೋಣೆಗೆ ಒಯ್ದೆ. ಮೊದಲ ಸಲ ತಗಡನ್ನು ಅಡಿಮೇಲು ಮಾಡಿ, ತೂತಿನ ಕೆಳಗಿನ ಅಂಚಿನ ಮೇಲೆ ಬೆರಳಾಡಿಸಿದೆ. ಬೆರಳಿನಲ್ಲಿ ರಕ್ತ ಬಂತು. ಕಂಚಗಾರರು ಮೇಲಿನಿಂದ ತೂತು ಹೊಡೆದು ಮೇಲಿನ ಅಂಚನ್ನು ಮಾತ್ರ ಉಜ್ಜಿದ್ದರು. ಕೆಳಗಡೆ ಹಿತ್ತಾಳೆ ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳು ಎದ್ದಿದ್ದವು. ಮೂವತ್ತಾರು ತೂತಿನ ಅಗಲ ಅಳೆದವಳು ಒಂದು ಸಲವೂ ಅದರ ಹಿಂಬದಿಯನ್ನು ಮುಟ್ಟಿ ನೋಡಿರಲಿಲ್ಲ. ಹುಸೇನಬಿ ನೋಡಿದ್ದು ಅದನ್ನೇ.

ಆದರೂ ಖಾತ್ರಿಯಿಲ್ಲದೆ ಬರೆಯಬಾರದು ಎಂದು ಪ್ರಯೋಗ ಮಾಡಿದೆ. ಆರು ಹಣ್ಣು ತಗಡಿನಲ್ಲಿ ತೂರಿಸಿ, ಆರು ಕೈಯಿಂದಲೇ ಆರಿಸಿ, ಎರಡು ಸಣ್ಣ ಬುಟ್ಟಿಗಳಲ್ಲಿ ಹಾಕಿ, ಬಾಯಿ ಮುಚ್ಚಿ ಕಿಟಕಿಯ ಕೆಳಗೆ ಇಟ್ಟೆ. ದಿನಕ್ಕೆ ಎರಡು ಸಲ ತೆಗೆದು ನೋಡಿ ಬರೆದೆ. ಮೂರನೆಯ ದಿನ ತೂರಿಸಿದ ಹಣ್ಣುಗಳ ಸುತ್ತ ಕಂದು ಬಣ್ಣದ ಒಂದು ಉಂಗುರ ಮೂಡಿತು. ಐದನೆಯ ದಿನ ಆ ಉಂಗುರದ ಮೇಲೆ ಹಸಿರು ಬೂಷ್ಟು. ಆರಕ್ಕೆ ಆರೂ ಹಾಗೇ. ಇನ್ನೊಂದು ಬುಟ್ಟಿಯ ಆರೂ ಹಣ್ಣು ನೆಟ್ಟಗಿದ್ದವು.

ಅದೇ ದಿನ ಎರಡು ಪುಟದ ವರದಿ ಬರೆದು ಸಾಹೇಬರ ಮುಂದಿಟ್ಟೆ. ತಪ್ಪು ನನ್ನದು, ಹೆಂಗಸರದಲ್ಲ ಎಂದು ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು.

“ಚಲೋ ಕೆಲಸ ಮಾಡೀರಿ. ಹನ್ನೆರಡೂ ತಗಡು ಕೆಳಗ ಅರ ಹಚ್ಚಿ ಉಜ್ಜಿಸ್ರಿ. ಇವತ್ತ.”

“ವರದಿ, ಸರ್?”

“ಅದನ್ನ ನೀವ ಇಟ್ಟುಕೋರಿ. ನಾನು ಮ್ಯಾಲ ಬರದಾಗೇತಿ, ಕೆಲಸಗಾರರ ಅಜಾಗ್ರತಿ ಅಂತ. ನಾಳೆ ಹೊಸ ಹೆಣ್ಮಕ್ಕಳು ಬರ್ತಾರ. ಈಗ ಇದನ್ನ ಕಳಿಸಿದ್ರ ನಿಮ್ಮ ನೌಕರಿ ಹೋಗ್ತೈತಿ, ನನ್ನ ಪಿಂಚಣಿಗೆ ಕಲ್ಲು ಬೀಳ್ತೈತಿ. ಆಕೀಗೆ ಏನು ಬರ್ತೈತಿ? ಹೊಳ್ಳಿ ಕರದ್ರ ಗುರಪ್ಪಣ್ಣ ಬಿಡ್ತಾರೇನು?” ಕನ್ನಡಕ ಹಾಕಿಕೊಂಡು, “ನನಗೂ ಕೆಟ್ಟ ಅನಿಸ್ತದವ್ವಾ. ಆದ್ರ ಇದು ಇಷ್ಟಕ್ಕ ಇರಲಿ,” ಎಂದರು. ಅದುವರೆಗೆ ಅವರು ನನ್ನನ್ನು ‘ಅವ್ವಾ’ ಎಂದು ಕರೆದವರಲ್ಲ. ಆ ಒಂದು ಮಾತಿನ ಮೃದುತ್ವಕ್ಕೆ ನಾನು ವರದಿಯನ್ನು ಮಡಚಿ ಚೀಲದಲ್ಲಿ ಹಾಕಿಕೊಂಡೆ. ಅವರು ಗದರಿಸಿದ್ದರೆ ಬಹುಶಃ ಮಡಚುತ್ತಿರಲಿಲ್ಲ. ಬಹುಶಃ ಎಂದು ಬರೆಯುತ್ತೇನೆ. ಖಾತ್ರಿಯಿಲ್ಲ.

ತಗಡುಗಳನ್ನು ಕಂಚಗಾರರಿಗೆ ಕೊಟ್ಟು, ಹಾಗೆಯೇ ಹುಸೇನಬಿಯ ಮನೆಗೆ ಹೋದೆ. ಇಳಿಹೊತ್ತು. ಅಂಗಳದಲ್ಲಿ ಕೂತು ಯಾರದೋ ಮನೆಯ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ನನ್ನನ್ನು ಕಂಡು ಎದ್ದು, ಸೀರೆಯ ಸೆರಗಿನಿಂದ ಹೊಸ್ತಿಲು ಜಾಡಿಸಿ, “ಬರ್ರಿ, ಅಕ್ಕೋರ. ಕೂಡ್ರಿ,” ಎಂದಳು. ನೀರು ತಂದುಕೊಟ್ಟಳು. ಆಗ ಅವಳ ಕೈ ನೋಡಿದೆ. ಉಗುರಿನ ಬಿಳಿಯ ಅಂಚು ಬೆರಳ ತುದಿಗೆ ಬಂದಿತ್ತು. ಅದರ ಸಂದಿಯಲ್ಲಿ ಹುಣಸೆಯ ಕಂದು.

“ತಗಡು ಕೊಯ್ಯುತ್ತಿತ್ತು. ನೀನು ಹೇಳಿದ್ದು ನಿಜ. ನಾನು ನೋಡಿದೆ,” ಎಂದೆ.

“ಗೊತ್ತೈತ್ರಿ.”

“ಎಲ್ಲ ಬರೆದಿದ್ದೇನೆ.”

“ಬರದೀರೇನು?” ಅವಳ ಮುಖ ಒಂದು ಕ್ಷಣ ಬಿಚ್ಚಿಕೊಂಡಿತು. “ಯಾರಿಗೆ ಕೊಟ್ರಿ?”

ನಾನು ಚೀಲವನ್ನು ಹಿಂದಕ್ಕೆ ಸರಿಸಿದೆ. ಚೀಲದ ಬಾಯಿಯಿಂದ ಕಾಗದದ ಅಂಚು ಕಾಣುತ್ತಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಕೈ ಚಾಚಿ ಅದನ್ನು ತೆಗೆದುಕೊಂಡು, ಎರಡು ಬೆರಳ ನಡುವೆ ಹಿಡಿದು, ಹೆಬ್ಬೆರಳಿನಿಂದ ಒಂದು ಸಲ ಸವರಿದಳು.

“ಇದು ಊರಾಗಿಂದು,” ಎಂದು ಹೊಳ್ಳಿ ಕೊಟ್ಟಳು.

ಕೋಪವಿರಲಿಲ್ಲ. ಹಣ್ಣು ನೋಡಿ ಹೇಳುವ ದನಿಯಲ್ಲೇ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ, “ನಾಳಿಂದ ಯಾರ ಕೂಡತಾರ್ರಿ ನನ್ನ ಜಾಗಾದಾಗ?” ಎಂದು ಕೇಳಿದಳು. ಹೊಸಬರು, ಹೆಸರು ಗೊತ್ತಿಲ್ಲ ಎಂದೆ. “ಆ ಕಲ್ಲು ತಟಗು ಓರಿ ಐತಿ. ಕೆಳಗ ಚೀಲಾ ಮಡಚಿ ಹಾಕ್ಕೋರಿ ಅಂತ ಹೇಳ್ರಿ. ಇಲ್ಲಾಂದ್ರ ನಡ ಹಿಡೀತೈತಿ.” ಮತ್ತೆ ಹುಣಸೆಯ ಮುಂದೆ ಕೂತಳು. ನಾನು ಎದ್ದೆ. ಅವಳು ಅದಾದ ಮೇಲೆ ಪೇಟೆಗೆ ಬರಲೇ ಇಲ್ಲ. ಎರಡು ವರ್ಷ ನಾನು ಆ ಓಣಿಯನ್ನು ತಪ್ಪಿಸಿ ನಡೆದೆ.

ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಬೇರೆ ಏನು ಹೇಳಲಿ? ತಗಡು ಮುಂದೆ ಎಲ್ಲ ಕಡೆ ಬಂತು, ಕೆಳಗಿನ ಅಂಚನ್ನು ಉಜ್ಜಿದ ತಗಡು. ಅದು ಅಳತೆಯನ್ನು ಸರಿಯಾಗಿ ಹೇಳುತ್ತದೆ. ಯಾವ ಹಣ್ಣು ಎಲ್ಲಿಯವರೆಗೆ ಹೋಗುತ್ತದೆ ಎಂದು ಹೇಳಬಲ್ಲವರು ಒಬ್ಬರೂ ಉಳಿಯಲಿಲ್ಲ. ಹುಸೇನಬಿಯ ಸೊಸೆಯಂದಿರು ಕಟ್ಟೆ ಹತ್ತಲಿಲ್ಲ. ನೀಲವ್ವ ಗಂಡನ ಊರಿಗೆ ಹೊರಟುಹೋದಳು. ನಾನು ಕೇಳಿ ಬರೆದುಕೊಂಡ ವಹಿಯಲ್ಲಿ ಒಂದೇ ಸಾಲಿದೆ: ‘ತೊಗಲು ಹೇಳುತ್ತದೆ.’ ನನ್ನ ನೌಕರಿ ಖಾಯಂ ಆಯಿತು. ಆ ವರದಿ ನೌಕರಿಯ ಮೂವತ್ತು ವರ್ಷವೂ ನನ್ನ ಪೆಟ್ಟಿಗೆಯಲ್ಲಿತ್ತು, ಈಗಲೂ ಇದೆ. ಮಡಿಕೆಯಲ್ಲಿ ಹರಿದಿದೆ. ಅವಳು ಹೇಳಿದಂತೆ ಅದು ಎಲ್ಲಿಗೂ ಹೋಗಲಿಲ್ಲ.

ಅವಳ ಮನೆಗೆ ಹೋಗಿ ಬಂದ ಮರುದಿನ ಬೆಳಿಗ್ಗೆ ಎಂದಿಗಿಂತ ಮುಂಚೆ ಪೇಟೆಗೆ ಹೋದೆ. ಸಾಹೇಬರು ಚಪ್ಪರದ ಕಂಬಕ್ಕೆ ಒಂದು ಸೂಚನೆ ಅಂಟಿಸಿದ್ದರು. ಹಣ್ಣು ಮುಟ್ಟುವ ಮೊದಲು ಎಲ್ಲರೂ ಉಗುರು ತೋರಿಸತಕ್ಕದ್ದು, ಪರೀಕ್ಷಿಸುವವರು ದರ್ಜೆಯ ಅಧಿಕಾರಿ. ಅಂದರೆ ನಾನು. ಹನ್ನೆರಡು ಹೊಸ ಹೆಂಗಸರು ಸಾಲಾಗಿ ನಿಂತಿದ್ದರು. ಓರೆ ಕಲ್ಲಿನ ಮೇಲೆ ಚೀಲ ಮಡಚಿ ಹಾಕಿದೆ. ಆಮೇಲೆ ಸಾಲಿನ ಮೊದಲಿಗೆ ಬಂದು, “ಕೈ ಚಾಚ್ರಿ,” ಎಂದೆ. ಒಬ್ಬೊಬ್ಬರ ಹತ್ತು ಬೆರಳನ್ನೂ ಹಿಡಿದು ನೋಡಿದೆ. ಉಗುರು ಬೆಳೆದಿದ್ದ ಇಬ್ಬರನ್ನು ಬುಟ್ಟಿ ಹೊಲಿಯಲು ಕಳಿಸಿದೆ.